ಮೀಟದ ಸ್ವರ

ಮೇದಿನಿ ಎಂಬ ಹುಡುಗಿಗೆ ದೇವರು ಕಿವಿಯನ್ನು ಧಾರಾಳವಾಗಿ ಕೊಟ್ಟಿದ್ದ. ತಾಳ್ಮೆ ಹಂಚುವ ಹೊತ್ತಿಗೆ ಅವನ ಕೈ ಬರಿದಾಗಿತ್ತೋ ಏನೋ.

ಯಾವ ಸದ್ದು ಬಿದ್ದರೂ ಅದರ ಸ್ವರ ಅವಳ ನಾಲಿಗೆಯ ತುದಿಯಲ್ಲಿರುತ್ತಿತ್ತು. ಗೇಟು ಕಿರುಗುಟ್ಟಿದರೆ ನಿಷಾದ. ಹಾಲಿನವನ ಸ್ಕೂಟರಿನ ಹಾರ್ನು ಮಧ್ಯಮ, ಅದೂ ಒಂದಿಷ್ಟು ಇಳಿದದ್ದು. ಕುಕ್ಕರ್ ಕೂಗಿದರೆ ಒಲೆ ಆರಿಸುವುದು ಬಿಟ್ಟು, "ಅಮ್ಮಾ, ಇದು ಧೈವತ!" ಎಂದು ಇವಳೂ ಕೂಗುವಳು.

"ಬೇಳೆ ಕರಗಿ ನೀರಾಯ್ತಲ್ಲೇ! ಇವತ್ತು ಅನ್ನಕ್ಕೆ ಧೈವತಾನೇ ಕಲಸ್ಕೊಂಡು ತಿನ್ನು" ಎಂದು ತಾಯಿ ಸೌಟು ಹಿಡಿದು ಬರುವಳು.

ಹೀಗೆ ಹೆಸರು ಹೇಳಿ ಹೇಳಿ ಮೇದಿನಿಗೆ ಸುಮ್ಮನಿರುವುದೇ ಮರೆತುಹೋಗಿತ್ತು. ಕೂತರೆ ಕಾಲು ಅಲ್ಲಾಡಬೇಕು, ನಿಂತರೆ ಬೆರಳು ಏನನ್ನಾದರೂ ಕುಟ್ಟಬೇಕು. ಬೇರೆಯವರು ಹಾಡುವಾಗ ಹಾಡಿಗಿಂತ ಮೊದಲು ಅವರ ತಪ್ಪೇ ಅವಳಿಗೆ ಕೇಳಿಸುತ್ತಿತ್ತು.

ಅವಳಿಗೆ ಸಂಗೀತ ಕಲಿಸುತ್ತಿದ್ದವರು ಕೋಟೆ ಬೀದಿಯ ಶೇಷಮ್ಮನವರು. ಬೀದಿಯ ಮಕ್ಕಳಿಗೆಲ್ಲ ಅವರು ಪಾಠದಜ್ಜಿ. ಪ್ರತಿ ವರ್ಷ ರಾಮನವಮಿಯ ಚಪ್ಪರದಲ್ಲಿ ಅವರ ಕಛೇರಿ ಇರುತ್ತಿತ್ತು. ಅವರ ಬೆನ್ನ ಹಿಂದೆ ಒಬ್ಬ ಶಿಷ್ಯೆ ತಂಬೂರಿ ಹಿಡಿದು ಕೂರುವಳು; ಅಜ್ಜಿ ಉಸಿರು ತೆಗೆದುಕೊಳ್ಳುವಾಗ ದನಿಗೂಡಿಸುವಳು. ಊರಲ್ಲಿ ಹಾಡಲು ಕಲಿಯುವ ಯಾವ ಹುಡುಗಿಗೂ ಆ ಜಾಗವೆಂದರೆ ಸಿಂಹಾಸನ. ಇಷ್ಟು ವರ್ಷ ಅಲ್ಲಿ ಕೂರುತ್ತಿದ್ದ ರೋಹಿಣಿ ಈಗ ತುಂಬು ಬಸುರಿ. ಜಾಗ ಖಾಲಿಯಾಗಿತ್ತು.

"ಅಜ್ಜಿ, ಈ ಸಲ ನಾನೇ ಕೂತ್ಕೋತೀನಿ" ಎಂದಳು ಮೇದಿನಿ. ಕೇಳಿದಂತಿರಲಿಲ್ಲ, ತಿಳಿಸಿದಂತಿತ್ತು.

ಅಜ್ಜಿ ಎಲೆಗೆ ಸುಣ್ಣ ಹಚ್ಚುತ್ತಾ ಹೇಳಿದರು. "ನನ್ನ ತಂಬೂರಿಗೆ ಇರೋದು ನಾಲ್ಕು ತಂತಿ. ನಾಲ್ಕೂ ಸರಿಯಾಗಿ ಕೂಡಿದ್ರೆ ಯಾರೂ ಮೀಟದ ಇನ್ನೊಂದು ಸ್ವರ ತಾನಾಗೇ ಏಳತ್ತೆ. ಅದು ಯಾವುದು ಅಂತ ಕೇಳಿ ಹೇಳು. ಜಾಗ ನಿಂದು."

ಅಜ್ಜಿಯ ಮನೆಯಲ್ಲಿ ಕಿವಿಯ ಪರೀಕ್ಷೆಗೆ ಒಂದು ಪದ್ಧತಿ ಇತ್ತು. ಶಿಷ್ಯರು ಗೋಡೆಗೆ ಮುಖ ಮಾಡಿ ಕೂರಬೇಕು. ಕಣ್ಣು ನೋಡಿದ್ದನ್ನು ಕಿವಿ ಕೇಳಿದೆ ಎಂದು ಸುಳ್ಳು ಹೇಳಬಾರದಲ್ಲ, ಅದಕ್ಕೆ. ಮೇದಿನಿ ಗೋಡೆಗೆ ಮುಖ ಮಾಡಿದಳು. ಅಜ್ಜಿ ಮೀಟತೊಡಗಿದರು. ಪಂಚಮ ಕೇಳಿಸಿತು. ಷಡ್ಜ ಕೇಳಿಸಿತು. ಕೊನೆಯ ದಪ್ಪ ತಂತಿಯ ಕೆಳಗಿನ ಷಡ್ಜ ಕೇಳಿಸಿತು. ಪಕ್ಕದ ಮನೆಯ ಮಿಕ್ಸಿ, ಕಾಗೆ, ತನ್ನದೇ ಹೊಟ್ಟೆಯ ಗುರ್ರೆನ್ನುವಿಕೆ ಕೂಡ ಕೇಳಿಸಿತು. ಅದೊಂದು ಮಾತ್ರ ಇಲ್ಲ.

"ನಾಳೆ ಹೇಳ್ತೀನಿ" ಎಂದು ಎದ್ದು ಓಡಿದಳು.

ರಾತ್ರಿ ನಿದ್ದೆ ಸುಳಿಯಲಿಲ್ಲ. ಊರಿನ ಸದ್ದೆಲ್ಲ ತನಗೆ ಹೆಸರು ಒಪ್ಪಿಸುತ್ತದೆ, ಒಂದು ಮರದ ಬುರುಡೆ ಆಟ ಆಡಿಸುತ್ತದೆಯೇ? ಬೆಳಗಾಗುತ್ತಲೇ ರೋಹಿಣಿಯ ಮನೆಗೆ ಹೋದಳು.

"ಅಷ್ಟೇನಾ?" ರೋಹಿಣಿ ನಕ್ಕಳು. "ಗಾಂಧಾರ ಕಣೇ. ಎಲ್ರಿಗೂ ಗೊತ್ತು. ಹೋಗಿ ಗಾಂಧಾರ ಅಂದ್ಬಿಡು."

ಮೇದಿನಿಗೆ ಕೊಂಬು ಬಂತು. ದಾರಿಯಲ್ಲೇ ಕಛೇರಿಗೆ ಉಡುವ ಸೀರೆಯೂ ನಿಶ್ಚಯವಾಯಿತು. ಅಮ್ಮನ ಹಸಿರು ರೇಷ್ಮೆ.

ಅಜ್ಜಿಯ ಮನೆ ಸೇರಿ ಗೋಡೆಗೆ ಮುಖ ಮಾಡಿದಳು. ತಂಬೂರಿ ಮೊಳಗಿತು. ಒಂದು ಸುತ್ತು ಮುಗಿಯುವುದರೊಳಗೇ, "ಗಾಂಧಾರ ಅಜ್ಜಿ!" ಎಂದಳು.

"ಹೂಂ. ಇನ್ನೊಂದ್ಸಲ ಕೇಳು."

ಮತ್ತೆ ಮೀಟಿದರು. ಈ ಸಲ ನಾದ ಯಾಕೋ ಮಂಕಾಗಿತ್ತು. ಖಾಲಿ ಡಬ್ಬ ತಟ್ಟಿದ ಹಾಗೆ. ಮೇದಿನಿಯ ಕಿವಿಗೆ ಅದು ಗೊತ್ತಾಯಿತು. ಆದರೆ ಉತ್ತರ ಆಗಲೇ ಬಾಯಿಗೆ ಬಂದು ಕೂತಿತ್ತು.

"ಗಾಂಧಾರ! ಈಗ ಇನ್ನೂ ಚೆನ್ನಾಗಿ ಕೇಳಿಸ್ತು ಅಜ್ಜಿ."

"ಈ ಕಡೆ ತಿರುಗು."

ತಿರುಗಿದಳು. ಅಜ್ಜಿಯ ಅಂಗೈಯಲ್ಲಿ ಹತ್ತಿದಾರದ ಪುಟ್ಟ ಎಳೆಗಳಿದ್ದವು. ತಂಬೂರಿಯ ತಂತಿಗೂ ಅದನ್ನು ಹೊತ್ತ ಕುದುರೆ ಎಂಬ ಮರದ ಪಟ್ಟಿಗೂ ನಡುವೆ ಸಿಕ್ಕಿಸುವ ಎಳೆಗಳು ಅವು. ಅವಕ್ಕೆ ಜೀವಾಳ ಎಂದು ಹೆಸರು. ಅವಿದ್ದರೆ ನಾದ ಝೇಂಕರಿಸುತ್ತದೆ. ಕಿತ್ತರೆ ತಂತಿ ಬರೀ ತಂತಿ.

"ಎರಡನೇ ಸಲ ಇದನ್ನ ತೆಗೆದಿಟ್ಟು ಮೀಟ್ದೆ" ಎಂದರು ಅಜ್ಜಿ. "ಗಾಂಧಾರ ಏಳೋದಿರ್ಲಿ, ಆಕಳಿಸೋಕೂ ತ್ರಾಣ ಇರ್ಲಿಲ್ಲ ಅದಕ್ಕೆ. ನಿಂಗೆಲ್ಲಿಂದ ಕೇಳಿಸ್ತಮ್ಮಾ, ಅಷ್ಟು ಚೆನ್ನಾಗಿ?"

ಮೇದಿನಿಯ ಮುಖ ಕೆಂಪಾಯಿತು. ಕಾಲು ಅಲ್ಲಾಡುವುದು ನಿಂತಿತು.

"ನಿನ್ನ ಕಿವಿ ಏನೋ ಮಂಕಾಗಿದೆ ಅಂತ ಹೇಳಿರತ್ತೆ, ಪಾಪ. ನಿನ್ನ ಬಾಯಿ ಅದಕ್ಕೆ ಬಿಡುವು ಕೊಡ್ಲಿಲ್ಲ. ಕೇಳಿಸ್ಲಿಲ್ಲ ಅಂದ್ರೆ ಏನೇ ನಷ್ಟ?"

"ಜಾಗ ಹೋಗತ್ತಲ್ಲ ಅಜ್ಜಿ."

"ಈಗ ಉಳೀತಾ?"



ಅಜ್ಜಿ ಜೀವಾಳವನ್ನು ಮತ್ತೆ ಸಿಕ್ಕಿಸಿ, ತಂಬೂರಿಯನ್ನು ಅವಳ ತೊಡೆಯ ಮೇಲಿಟ್ಟರು. "ನಾಳೆಯಿಂದ ಹಾಡೋದು ಬೇಡ. ಶ್ರುತಿ ಕೂಡಿಸು, ಮೀಟು. ಕೇಳಿಸಿದ್ರೆ ಇದೆ ಅನ್ನು. ಕೇಳಿಸದಿದ್ರೆ ಇಲ್ಲ ಅನ್ನು. ನಂಗೆ ಬೇರೆ ಏನೂ ಬೇಡ."

ರಾಮನವಮಿ ಹತ್ತಿರವಾಗುತ್ತಿತ್ತು. ಮೇದಿನಿ ದಿನಾ ಬಂದಳು, ತಂತಿ ಬಿಗಿಯುವ ಬಿರಡೆ ತಿರುಗಿಸಿದಳು, ಮೀಟಿದಳು. ಬೆರಳು ಉರಿಯಿತು. ಬೆನ್ನಲ್ಲಿ ಇರುವೆ ಹರಿದಂತಾಯಿತು. ಎದ್ದುಹೋಗೋಣವೆನಿಸಿತು, ಹೋಗಲು ಮನಸ್ಸಾಗಲಿಲ್ಲ. ಕಿವಿಯನ್ನು ಬೆಕ್ಕಿನಂತೆ ಹೊಂಚುಹಾಕಿ ಕೂರಿಸಿದಳು. ಹೊಂಚಿದಷ್ಟೂ ಆ ಸ್ವರ ಇಲಿಯಂತೆ ಬಿಲ ಬಿಟ್ಟು ಬರಲಿಲ್ಲ.

"ಇದೆಯೇನೇ?" ಎಂದು ಅಜ್ಜಿ ಕೇಳುವರು.

"ಇಲ್ಲ" ಎನ್ನುವಳು. ಮೊದಮೊದಲು ಆ ಮಾತು ಗಂಟಲಲ್ಲಿ ಮೀನಿನ ಮುಳ್ಳಿನಂತೆ ಚುಚ್ಚುತ್ತಿತ್ತು. ಬರಬರುತ್ತ ಸಲೀಸಾಗಿ ಇಳಿಯತೊಡಗಿತು.

ಒಂದು ಮಧ್ಯಾಹ್ನ ಅಜ್ಜಿ ಪಕ್ಕದಲ್ಲಿ ಕೂತು ಮೊರದಲ್ಲಿ ಅಕ್ಕಿ ಕೇರುತ್ತಿದ್ದರು. ಸರ್, ಸರ್ ಎಂದು ಒಂದೇ ಸಮನೆ ಸದ್ದು. ಹುಡುಕಿ ಹುಡುಕಿ ಸೋತ ಮೇದಿನಿ ಹುಡುಕುವುದನ್ನು ಬಿಟ್ಟಿದ್ದಳು. ಬೆರಳು ತಾನಾಗಿ ಮೀಟುತ್ತಿತ್ತು. ಆಗ ಹತ್ತಿರದಲ್ಲೇ ಯಾರೋ ಸಣ್ಣಗೆ ಗುನುಗಿದಂತಾಯಿತು. ಎಳೆ ಬಿಸಿಲಿನಂಥ ದನಿ. ಅಜ್ಜಿಯೇ ಇರಬೇಕೆಂದು ತಿರುಗಿ ನೋಡಿದಳು. ಅಜ್ಜಿಯ ಬಾಯಿ ತುಂಬ ಎಲೆಅಡಿಕೆ.

"ಅಜ್ಜಿ, ಒಳಗೆ ಯಾರು ಹಾಡ್ತಿರೋದು?"

ಅಜ್ಜಿಯ ಮೊರ ನಿಂತಿತು. "ಒಳಗೆ ಯಾರೂ ಇಲ್ವಲ್ಲೇ."

ಮೇದಿನಿ ಮೀಟುವುದನ್ನು ನಿಲ್ಲಿಸಿದಳು. ಗುನುಗೂ ನಿಂತಿತು. ಮೀಟಿದಳು. ಅದು ಮೆಲ್ಲಗೆ ಎದ್ದು ಬಂತು. ದಪ್ಪ ತಂತಿಯ ನಾದದೊಳಗಿಂದ, ತೊಟ್ಟಿಲಿನಿಂದ ಮಗು ತಲೆಯೆತ್ತಿ ನೋಡುವ ಹಾಗೆ.

ಅವಳ ಕಣ್ಣು ತುಂಬಿತು. "ಅಜ್ಜಿ, ಇದೆ."

"ಇದೆ" ಎಂದರು ಅಜ್ಜಿ. "ಏನೇ, ಈ ಸಲ ಹೆಸರೇ ಹೇಳ್ಲಿಲ್ಲ!"

ಹೌದು. ಹೆಸರು ಹೇಳಲು ಅವಳಿಗೆ ನೆನಪೇ ಆಗಿರಲಿಲ್ಲ.

ಜಾಗ ಅವಳದಾಯಿತು. ಕಥೆ ಇಲ್ಲಿಗೇ ಮುಗಿಯಬಹುದಿತ್ತು. ಆದರೆ ಮನೆಯಲ್ಲಿ ಕಲಿತದ್ದಕ್ಕೆ ಬೆಲೆ ಕಟ್ಟುವುದು ಬೀದಿಯಲ್ಲಿ.

ರಾಮನವಮಿಯ ಸಂಜೆ ಚಪ್ಪರ ಕಿಕ್ಕಿರಿದಿತ್ತು. ಪಾನಕ, ಕೋಸಂಬರಿ ಹಂಚಿ ಮುಗಿದಿತ್ತು. ಮೇದಿನಿ ಹಸಿರು ಸೀರೆಯುಟ್ಟು ಅಜ್ಜಿಯ ಬೆನ್ನ ಹಿಂದೆ ಕೂತಳು. ಮನೆಯಲ್ಲಿ ಚೆನ್ನಾಗಿ ಕೂಡಿಸಿ ತಂದಿದ್ದ ತಂಬೂರಿ. ಆದರೆ ದಾರಿಯಲ್ಲಿ ಆಟೋ ಕುಲುಕಿತ್ತು, ವೇದಿಕೆಯ ದೀಪಗಳ ಕಾವು ಬೇರೆ. ಮೀಟಿದಳು. ನಾಲ್ಕೂ ತಂತಿ ನೆಂಟರ ಮನೆಯಲ್ಲಿ ಮುನಿಸಿಕೊಂಡು ಕೂತವರಂತೆ ಒಂದೊಂದು ಕಡೆ ಮುಖ ಮಾಡಿದ್ದವು. ತಪ್ಪು ಕೂದಲೆಳೆಯಷ್ಟು. ಜನರಿಗೆ ಗೊತ್ತಾಗುವಂಥದ್ದಲ್ಲ.

ಉತ್ಸವದ ಕಾರ್ಯದರ್ಶಿ ಬಗ್ಗಿ ಪಿಸುಗುಟ್ಟಿದರು. "ಶುರು ಮಾಡಿಬಿಡಿ ಅಮ್ಮಾವ್ರೇ, ಆಗ್ಲೇ ಹೊತ್ತಾಯ್ತು."

ಅಜ್ಜಿ ಹಿಂದಕ್ಕೆ ತಿರುಗದೆ ಕೇಳಿದರು. "ಇದೆಯೇನೇ?"

ಮೇದಿನಿ ಎದುರಿಗೆ ನೋಡಿದಳು. ಮೊದಲ ಸಾಲಿನಲ್ಲಿ ಅಮ್ಮ. ಮಡಿಲಲ್ಲಿ ಕೂಸಿನೊಡನೆ ರೋಹಿಣಿ. ಊರೆಲ್ಲ ಅವಳನ್ನೇ ನೋಡುತ್ತಿತ್ತು. ಮೊದಲ ಸಲ ಕೂತವಳು ಕಛೇರಿ ತಡಮಾಡಿದಳು ಎಂದರೆ ಮುಂದಿನ ವರ್ಷ ಯಾರು ಕರೆಯುತ್ತಾರೆ? "ಇದೆ" ಎಂದರೆ ಮುಗಿಯಿತು. ಎರಡಕ್ಷರ.

"ಇಲ್ಲ ಅಜ್ಜಿ" ಎಂದಳು. ಮೈಕು ಆ ಮಾತನ್ನು ಚಪ್ಪರದ ಕೊನೆಯವರೆಗೂ ಒಯ್ದಿತು.

ಯಾರೋ ಕಿಸಕ್ಕೆಂದರು. ಯಾರೋ, "ಇನ್ನೂ ಪಾಠಾನೇ ಆಗಿಲ್ವೇನೋ" ಎಂದರು. ಕಾರ್ಯದರ್ಶಿ ಗಡಿಯಾರ ನೋಡಿಕೊಂಡರು. ಮೇದಿನಿಯ ಬೆರಳ ಬೆವರಿಗೆ ಬಿರಡೆ ಜಾರಿತು. ಅವಳು ತಲೆಯೆತ್ತಲಿಲ್ಲ. ಪಂಚಮವನ್ನು ಏರಿಸಿದಳು. ಷಡ್ಜವನ್ನು ಸವರಿದಳು. ಜೀವಾಳವನ್ನು ಉಗುರಿನಿಂದ ತುಸು ಸರಿಸಿದಳು. ಮೀಟಿದಳು. ಕಾದಳು. ಇನ್ನೊಮ್ಮೆ ಸರಿಸಿದಳು. ಜನ ಗೊಣಗಿ ಗೊಣಗಿ ಸುಮ್ಮನಾದರು.

ಆ ನಿಶ್ಶಬ್ದದೊಳಗೆ ಅದು ಎದ್ದಿತು.

"ಇದೆಯೇ" ಎಂದು ಅಜ್ಜಿ ಮತ್ತೆ ಕೇಳಲಿಲ್ಲ. ಕಣ್ಣು ಮುಚ್ಚಿ, ಬಾಯಿ ತೆರೆದರು. ಷಡ್ಜದಿಂದ ಶುರು ಮಾಡುವುದು ಅವರ ರೂಢಿ. ಅಂದು ಮಾತ್ರ ಅವರು ಕಲ್ಯಾಣಿ ರಾಗವನ್ನು ಗಾಂಧಾರದಿಂದಲೇ ಎತ್ತಿಕೊಂಡರು. ತಂಬೂರಿಯಲ್ಲಿ ಯಾರೂ ಮೀಟದ ಆ ದನಿಯ ಮೇಲೆ ಅವರ ದನಿ ಬಂದು ಕೂತಾಗ, ಎಲ್ಲಿ ಅದು ಮುಗಿದು ಎಲ್ಲಿ ಇವರು ಶುರುವಾದರೆಂದು ಊರಿನಲ್ಲಿ ಒಬ್ಬರಿಗೂ ತಿಳಿಯಲಿಲ್ಲ.

ಬೆನ್ನ ಹಿಂದೆ ಕೂತ ಹುಡುಗಿಗೆ ಮಾತ್ರ ತಿಳಿಯಿತು. ಅವಳು ಯಾರಿಗೂ ಹೇಳಲಿಲ್ಲ. ಮೀಟುತ್ತಾ ಕೂತಳು, ಕಾಲು ಅಲ್ಲಾಡಿಸದೆ.

ನೀತಿ: ಬಾಯಿಪಾಠದ ಉತ್ತರ ಸರಿಯಾಗಿದ್ದರೂ ಅದು ನಿಮ್ಮದಲ್ಲ. ಕೇಳಿಸದಾಗ "ಕೇಳಿಸಲಿಲ್ಲ" ಎಂದು ಹತ್ತು ಜನರ ಮುಂದೆ ಹೇಳಬಲ್ಲವರ ಕಿವಿಯೇ ಪಳಗುವುದು. ಮಕ್ಕಳೇ, ಪರೀಕ್ಷೆಗೂ ಇದೇ ಮಾತು. ಮಕ್ಕಳಿಗೆ ಉತ್ತರ ಹೇಳಿಕೊಡುವ ದೊಡ್ಡವರಿಗಂತೂ ಇದೇ ಮಾತು.