ಕದ್ದ ಹೊತ್ತಿನ ಗೊಂಬೆಗಳು

ಈ ಕಥೆ ಹೇಳಿದಾಗಲೆಲ್ಲ ಕೇಳಿದವರಲ್ಲಿ ಒಬ್ಬರಾದರೂ ಅಯ್ಯನವರ ಮೇಲೆ ಸಿಟ್ಟಾಗುತ್ತಾರೆ. ಅದರಲ್ಲೂ ಮನೆಯಲ್ಲಿ ಕಾಲೇಜಿಗೆ ಹೋಗುವ ಮಕ್ಕಳಿದ್ದವರು. ಆಗಲಿ ಬಿಡಿ, ಅಯ್ಯನವರು ಯಾರ ಸಿಟ್ಟಿಗೂ ಸೊಪ್ಪು ಹಾಕಿದವರಲ್ಲ.

ಹೇಮಾವತಿ ದಂಡೆಯಲ್ಲಿ ಅವರದೊಂದು ಸಣ್ಣ ಆಶ್ರಮ. ಎರಡು ಕೋಣೆ, ಒಂದು ಜಗಲಿ, ಹಿಂದೆ ಕೊಟ್ಟಿಗೆ. ಹೆಸರು ಸದಾಶಿವಯ್ಯ, ಆದರೆ ಎಲ್ಲರಿಗೂ ಅಯ್ಯನವರು.

ಒಂದು ಬೆಳಿಗ್ಗೆ ಭೂಮಿಕಾ ಅಲ್ಲಿಗೆ ಬಂದಳು. ಬಿ.ಎಸ್ಸಿ. ಕೊನೆಯ ಸೆಮಿಸ್ಟರ್ ಓದುತ್ತಿದ್ದ ಹುಡುಗಿ. ಹೆಗಲಿಗೆ ಎರಡು ಚೀಲ. ಒಂದರಲ್ಲಿ ಕೆಮಿಸ್ಟ್ರಿ ಪುಸ್ತಕಗಳು, ಇನ್ನೊಂದರಲ್ಲಿ ಹಳೆ ಸೀರೆ ತುಂಡಿನಲ್ಲಿ ಸುತ್ತಿದ ಮಣ್ಣಿನ ಗೊಂಬೆಗಳು.

ಪರೀಕ್ಷೆಗೆ ಎರಡು ವಾರ ಕೂಡ ಉಳಿದಿರಲಿಲ್ಲ. ಪ್ರಾಜೆಕ್ಟ್ ರಿಪೋರ್ಟ್ ಅರ್ಧಕ್ಕೆ ನಿಂತಿತ್ತು. ಅಸೈನ್‌ಮೆಂಟಿಗೆ ಕೈಯನ್ನೇ ಹಾಕಿರಲಿಲ್ಲ. ಓದಲು ಕೂತರೆ ಸಾಕು, ಕೈ ತಾನಾಗಿ ಮೇಜಿನ ಕೆಳಗಿಟ್ಟ ಜೇಡಿಮಣ್ಣಿಗೆ ಹೋಗುತ್ತಿತ್ತು. ಅಮ್ಮನ ಹೆಜ್ಜೆ ಸಪ್ಪಳ ಕೇಳಿದರೆ ಗೊಂಬೆ ಮೇಜಿನ ಕೆಳಗೆ, ಪುಸ್ತಕ ಮೇಜಿನ ಮೇಲೆ. ಹೀಗೇ ಮೂರು ವರ್ಷ ನಡೆದಿತ್ತು.

ಈ ಸಲ ಅವಳು ಗಟ್ಟಿ ಮನಸ್ಸು ಮಾಡಿದ್ದಳು. ಪರೀಕ್ಷೆ ಬರೆಯುವುದಿಲ್ಲ, ಕಾಲೇಜು ಬಿಟ್ಟು ಗೊಂಬೆ ಮಾಡಿಕೊಂಡು ಬದುಕುತ್ತೇನೆ ಎಂದು ಅಮ್ಮನ ಮುಂದೆ ಹೇಳಿಯೇಬಿಟ್ಟಳು. ಅಮ್ಮ ಆಸ್ಪತ್ರೆಯಲ್ಲಿ ನರ್ಸು, ಗಂಡನಿಲ್ಲದೆ ಒಬ್ಬಳೇ ಮಗಳನ್ನು ಓದಿಸಿದವಳು. ಅತ್ತಳು, ಬೈದಳು, ಊಟ ಬಿಟ್ಟಳು. ಕಡೆಗೆ, ಅಯ್ಯನವರ ಹತ್ತಿರ ಹೋಗು, ಅವರು ಹೂಂ ಅಂದರೆ ನನ್ನದೂ ಹೂಂ ಎಂದಳು. ಅವರು ಹೂಂ ಅನ್ನುವುದಿಲ್ಲ ಎಂಬ ಧೈರ್ಯ ಆ ತಾಯಿಗೆ.

ಭೂಮಿಕಾಗೂ ಅದೇ ಅನುಮಾನ. ಬಸ್ಸಿನಲ್ಲಿ ದಾರಿಯುದ್ದಕ್ಕೂ ವಾದ ಜೋಡಿಸಿಕೊಂಡು ಬಂದಿದ್ದಳು.

ಅಯ್ಯನವರು ಎಲ್ಲ ಕೇಳಿದರು. ಗೊಂಬೆ ತೋರಿಸು ಎಂದರು. ಅವಳು ಒಂದು ಗೊಂಬೆ ಬಿಚ್ಚಿ ಕೈಗಿತ್ತಳು. ಬಸ್ಸಿನ ಕಂಡಕ್ಟರ್. ಕಂಕುಳಲ್ಲಿ ಚೀಲ, ಕಿವಿಯ ಸಂದಿಯಲ್ಲಿ ಪೆನ್ನು, ಚಿಲ್ಲರೆ ಕೇಳಿ ಕೇಳಿ ಸೋತ ಮುಖ. ಅಯ್ಯನವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಿಜವಾಗಿ ಚೆನ್ನಾಗಿತ್ತು ಅದು.

"ಇದನ್ನ ಯಾವಾಗ ಮಾಡಿದೆ?"

"ಇಂಟರ್ನಲ್ಸ್ ನಡೀತಿತ್ತು ಅಯ್ಯ. ಮಾರನೇ ದಿನ ಫಿಸಿಕಲ್ ಕೆಮಿಸ್ಟ್ರಿ ಇತ್ತು."

ಅವರು ಗೊಂಬೆಯನ್ನು ಜಗಲಿಯ ಮೇಲೆ ಜೋಪಾನವಾಗಿ ಇಟ್ಟರು.

"ಸರಿ. ಪರೀಕ್ಷೆ ಬಿಟ್ಟುಬಿಡು."

ಭೂಮಿಕಾ ದಂಗಾದಳು. ಜೋಡಿಸಿಕೊಂಡು ಬಂದ ವಾದವೆಲ್ಲ ದಂಡವಾಯಿತು. ಫೋನಿನಲ್ಲಿ ವಿಷಯ ತಿಳಿದ ಅಮ್ಮನಂತೂ ಪಟ್ಟನೆ ಫೋನ್ ಇಟ್ಟುಬಿಟ್ಟಳು. ಭೂಮಿಕಾಗೆ ಖುಷಿಯಾಗಬೇಕಿತ್ತು. ಆಗಲಿಲ್ಲ.

ಅಯ್ಯನವರು ಪುಸ್ತಕದ ಚೀಲವನ್ನು ಎತ್ತಿಕೊಂಡು ಹೋಗಿ ಉಗ್ರಾಣದಲ್ಲಿ ಅಕ್ಕಿ ಮೂಟೆಯ ಪಕ್ಕ ಇಟ್ಟರು. ಇನ್ನು ಇದನ್ನು ಮುಟ್ಟಕೂಡದು ಎಂದರು. ಇಲ್ಲೇ ಇರು, ಹೊಳೆಯಲ್ಲಿ ಬೇಕಾದಷ್ಟು ಮಣ್ಣಿದೆ, ದಿನಕ್ಕೆ ಮೂರು ಗೊಂಬೆ ಮಾಡು, ದೀಪ ಹಚ್ಚುವುದರೊಳಗೆ ತಂದು ಒಪ್ಪಿಸು ಎಂದರು.

"ಒಪ್ಪಿಸೋದು ಯಾಕೆ ಅಯ್ಯ?"

"ಗೊಂಬೆ ಮಾಡಿಕೊಂಡು ಬದುಕೋದು ಅಂದರೆ ಹಂಗೇ ತಾನೇ?"

ಮೊದಲ ದಿನ ಹಬ್ಬ. ಬೆಳಕು ಹರಿಯುವ ಮುಂಚೆ ಎದ್ದು ಬಾಂಡ್ಲಿ ತುಂಬ ಜೇಡಿಮಣ್ಣು ತಂದಳು. ಮಧ್ಯಾಹ್ನದೊಳಗೆ ಮೂರಲ್ಲ, ನಾಲ್ಕು ಗೊಂಬೆ ಮಾಡಿದಳು. ಅಯ್ಯನವರು ಒಂದೊಂದನ್ನೇ ತಿರುಗಿಸಿ ನೋಡಿ, ಆಯಿತು, ನಾಳೆಯದು ನಾಳೆ ಸಂಜೆಗೆ ಎಂದು ಒಳಗೆ ಹೋದರು. ನಗಲಿಲ್ಲ.

ಎರಡನೇ ದಿನ ಮೂರು ಮಾಡಿದಳು. ಆಮೇಲಿನ ದಿನ ಮೂರನೆಯದಕ್ಕೆ ಕಿವಿ ಇಡುವುದು ಮರೆತಿದ್ದಳು. ಅಯ್ಯನವರು ಅದನ್ನು ಹಾಗೇ ವಾಪಸ್ಸು ಕೊಟ್ಟರು.

ಆಮೇಲೆ ಶುರುವಾಯಿತು ನೋಡಿ ತಮಾಷೆ. ಹುಡುಗಿಗೆ ಇದ್ದಕ್ಕಿದ್ದಂತೆ ಆಶ್ರಮದ ಕೆಲಸದ ಮೇಲೆ ಎಲ್ಲಿಲ್ಲದ ಅಕ್ಕರೆ ಬಂತು. ಹೇಳದೇ ಕೇಳದೇ ಅಂಗಳ ಗುಡಿಸಿದಳು. ತೊಳೆದಿಟ್ಟ ಪಾತ್ರೆಯನ್ನು ಮತ್ತೆ ತೊಳೆದಳು. ಅಡುಗೆಯ ಕೆಂಪಮ್ಮನ ಕೈಯಿಂದ ಈಳಿಗೆಮಣೆ ಕಸಿದುಕೊಂಡು ಕುಂಬಳಕಾಯಿ ಹೆಚ್ಚಿದಳು. ಮನೆಯಲ್ಲಿ ನಿಮ್ಮಮ್ಮನಿಗೂ ಹಿಂಗೇ ಮಾಡಿಕೊಡ್ತೀಯೇನವ್ವ ಎಂದು ಕೆಂಪಮ್ಮ ಕೇಳಿದಾಗ ಹೆಚ್ಚುವುದು ಇನ್ನಷ್ಟು ಜೋರಾಯಿತು.

ಅತ್ತ ಬಾಂಡ್ಲಿಯ ಮಣ್ಣು ಒಣಗುತ್ತಿತ್ತು.

ಒಂದು ಸಂಜೆ ಗಡುವು ಮೀರಿತು. ಹೊಳೆಯಲ್ಲಿ ಬಟ್ಟೆ ಒಗೆಯುವ ಮುದುಕಿಯೊಬ್ಬಳ ಗೊಂಬೆ ಆ ದಿನ ತುಂಬ ಚೆನ್ನಾಗಿ ಬರುತ್ತಿತ್ತು, ಸೀರೆಯ ನೆರಿಗೆ ತಿದ್ದುತ್ತಾ ಕೂತುಬಿಟ್ಟಳು. ಓಡಿ ಬರುವಷ್ಟರಲ್ಲಿ ದೀಪ ಹಚ್ಚಿಯಾಗಿತ್ತು.

ಅಯ್ಯನವರು ಗೊಂಬೆಯನ್ನು ಕೈಗೆ ತೆಗೆದುಕೊಂಡರು. ಸುತ್ತಲೂ ನೋಡಿದರು. ಚೆನ್ನಾಗಿದೆ ಎಂದರು. ಆಮೇಲೆ ಎರಡೂ ಅಂಗೈ ನಡುವೆ ಹಿಡಿದು, ರೊಟ್ಟಿ ಹಿಟ್ಟು ನಾದಿದ ಹಾಗೆ ಒತ್ತಿ ಮುದ್ದೆ ಮಾಡಿ, ಅವಳ ಕೈಗೇ ಕೊಟ್ಟರು.

ಭೂಮಿಕಾ ಕೈಯಲ್ಲಿದ್ದ ಮುದ್ದೆಯನ್ನು ನೋಡಿದಳು, ಅವರ ಮುಖ ನೋಡಿದಳು. ಕಣ್ಣಲ್ಲಿ ನೀರು ಬರುವುದಕ್ಕೂ ಸ್ವಲ್ಪ ಹೊತ್ತು ಹಿಡಿಯಿತು.

"ನಮ್ಮ ಎಚ್‌ಓಡಿ ಕೂಡ ಇಷ್ಟು ಕ್ರೂರಿ ಅಲ್ಲ."

"ಅವರು ತಡವಾದರೆ ಏನು ಮಾಡ್ತಾರೆ?"

"ಮಾರ್ಕ್ಸ್ ಕಡಿಮೆ ಕೊಡ್ತಾರೆ."

"ಒಳ್ಳೆಯವರು," ಎಂದು ಅಯ್ಯನವರು ಊಟಕ್ಕೆ ಎದ್ದರು.

ಇಲ್ಲಿಗೆ ಬಂದಾಗಲೇ ಕೇಳುವವರಿಗೆ ಸಿಟ್ಟು ಬರುವುದು. ನನಗೂ ಬಂದಿತ್ತು. ಅಷ್ಟು ಕಷ್ಟಪಟ್ಟು ಮಾಡಿದ್ದನ್ನು ಯಾರಾದರೂ ಹಿಸುಕುತ್ತಾರೆಯೇ? ಏನು ಮಾಡುವುದು, ಹಿಸುಕಿದ್ದಂತೂ ನಿಜ.

ಮರುದಿನ ಕೆಂಪಮ್ಮ ಬೇಳೆ ತರಲು ಭೂಮಿಕಾಳನ್ನು ಉಗ್ರಾಣಕ್ಕೆ ಕಳಿಸಿದಳು. ಅಕ್ಕಿ ಮೂಟೆಯ ಪಕ್ಕ ಚೀಲ ಇತ್ತು. ಮುಟ್ಟಬಾರದು ಎಂದುಕೊಂಡಳು. ಒಂದೇ ಒಂದು ಪುಟ ಎಂದುಕೊಂಡಳು. ಆರ್ಗ್ಯಾನಿಕ್ ಕೆಮಿಸ್ಟ್ರಿಯ ದಪ್ಪ ಪುಸ್ತಕ ಸೆರಗಿನ ಹಾಗೆ ಹೊದ್ದ ದುಪಟ್ಟಾದ ಮರೆಗೆ ಹೋಯಿತು, ಬೇಳೆ ಅಡುಗೆಮನೆಗೆ ಹೋಯಿತು, ಭೂಮಿಕಾ ಕೊಟ್ಟಿಗೆಗೆ ಹೋದಳು.

ಹುಲ್ಲಿನ ಮೆದೆಗೆ ಬೆನ್ನು ಕೊಟ್ಟು ಕೂತು ಓದಿದಳು. ಮೂರು ವರ್ಷದಲ್ಲಿ ತಲೆಗೇ ಹತ್ತದಿದ್ದ ಪಾಠ ಅದು. ಈಗ ಕಥೆಯಂತೆ ಓದಿಸಿಕೊಂಡು ಹೋಯಿತು. ಈ ಅಣು ಇದನ್ನು ಬಿಟ್ಟು ಅದನ್ನು ಯಾಕೆ ಹಿಡಿಯುತ್ತದೆ ಎಂದು ಗೊತ್ತಾದಾಗ ಒಬ್ಬಳೇ ನಕ್ಕಳು. ಬೆರಳಿನಿಂದ ಸಗಣಿ ಸಾರಿಸಿದ ನೆಲದ ಮೇಲೆ ಷಟ್ಕೋನ ಬರೆದಳು. ಇಷ್ಟು ಚೆಂದದ ವಿಷಯವನ್ನು ನಮ್ಮ ಲೆಕ್ಚರರು ಹೇಗೆ ಇಷ್ಟು ಸಪ್ಪೆ ಮಾಡಿದರೋ ಎಂದು ಅವರನ್ನು ಮನಸ್ಸಿನಲ್ಲೇ ಬೈದಳು.

ಮೂರು ದಿನ ಹೀಗೇ ಕಳ್ಳಾಟ. ಗೊಂಬೆಗಳು ಕೈಕಾಲು ಮೂಡಿದರೆ ಸಾಕು ಎಂಬ ಹಾಗೆ ತಯಾರಾಗುತ್ತಿದ್ದವು. ಉಳಿದ ಹೊತ್ತೆಲ್ಲ ಕೊಟ್ಟಿಗೆ.

ನಾಲ್ಕನೆಯ ದಿನ ಬಾಗಿಲಲ್ಲಿ ನೆರಳು ಬಿತ್ತು. ಭೂಮಿಕಾ ಪುಸ್ತಕವನ್ನು ಹುಲ್ಲಿನೊಳಗೆ ತುರುಕಿ ಎದ್ದು ನಿಂತಳು.

"ಏನು ಮಾಡ್ತಿದ್ದೀಯ ಮಗಾ?"

"ಏನಿಲ್ಲ ಅಯ್ಯ. ಗೊಂಬೆ ಮಾಡ್ತಾ ಇದ್ದೆ. ಕೈ ನೋವು ಬಂತು, ಹಂಗೇ ಕೂತೆ."

ಹಸುವಿಗೆ ಇದೆಲ್ಲ ಏನು ಗೊತ್ತು? ಹುಲ್ಲಿಗೆ ಬಾಯಿ ಹಾಕಿ ಪುಸ್ತಕದ ಮೂಲೆ ಹಿಡಿದು ಎಳೆಯಿತು. ಆರ್ಗ್ಯಾನಿಕ್ ಕೆಮಿಸ್ಟ್ರಿ ಇಬ್ಬರ ನಡುವೆ ನೆಲದ ಮೇಲೆ ಬಿತ್ತು.

ಅಯ್ಯನವರು ಬೈಯುತ್ತಾರೆಂದು ಭೂಮಿಕಾ ಕಾದಳು. ಅವರು ಬೈಯಲಿಲ್ಲ. ಆದರೆ ಆಗತಾನೇ ಆಡಿದ ಸುಳ್ಳು ಅವಳ ಕಿವಿಯಲ್ಲೇ ಇನ್ನೂ ಇತ್ತು. ಮನೆಯಲ್ಲಿ ಅಮ್ಮ ಬಾಗಿಲಿಗೆ ಬಂದು ನಿಂತಾಗಲೂ ಇದೇ ಸುಳ್ಳು. ಓದ್ತಾ ಇದ್ದೆ ಅಮ್ಮ, ತಲೆ ನೋವು ಬಂತು, ಹಂಗೇ ಕೂತೆ. ಧ್ವನಿ ಕೂಡ ಅದೇ. ಮರೆಮಾಡಿದ ವಸ್ತು ಮಾತ್ರ ಬೇರೆ.

ಹುಲ್ಲಿನ ಮೇಲೆ ಕೂತುಬಿಟ್ಟಳು.

"ಅಯ್ಯ, ಹಂಗಾದರೆ ನನಗೆ ಬೇಕಾಗಿರೋದು ಯಾವುದು?"

ಅಯ್ಯನವರು ಹಸುವಿನ ಎಂಜಲು ಒರೆಸಿ ಪುಸ್ತಕ ಕೈಗೆ ಕೊಟ್ಟರು. ಹತ್ತು ಗಂಟೆಗೆ ಬಸ್ಸಿದೆ, ಹೋಗಿ ಪರೀಕ್ಷೆ ಬರಿ, ಅಮ್ಮನಿಗೆ ನಾನು ಹೇಳ್ತೀನಿ ಎಂದರು. ಮಣ್ಣಿನ ಕಥೆ ಏನು ಎಂದು ಅವಳು ಕೇಳಿದಳು. ರಜೆ ಬಂದಮೇಲೆ ಬಾ ಎಂದಷ್ಟೇ ಅಂದರು.

ಭೂಮಿಕಾ ಹೋದಳು. ಬಿದ್ದು ಎದ್ದು ರಿಪೋರ್ಟ್ ಮುಗಿಸಿದಳು, ಅಸೈನ್‌ಮೆಂಟ್ ಕೊಟ್ಟಳು, ಪರೀಕ್ಷೆ ಬರೆದಳು. ಆಶ್ಚರ್ಯವೇನು ಗೊತ್ತೇ? ಮನೆಗೆ ಕಾಲಿಟ್ಟ ದಿನವೇ ಮಣ್ಣು ಮತ್ತೆ ಕರೆಯತೊಡಗಿತ್ತು. ಓದಲು ಕೂತರೆ ಕಣ್ಣ ಮುಂದೆ ಗೊಂಬೆಗಳ ಮೆರವಣಿಗೆ. ಹಾಲ್‌ನಲ್ಲಿ ಮೇಲ್ವಿಚಾರಣೆಗೆ ನಿಂತ ಮೇಡಂ ಆಕಳಿಸಿದ ರೀತಿ, ಮುಂದಿನ ಬೆಂಚಿನ ಹುಡುಗ ಪೆನ್ನಿನ ತುದಿ ಕಚ್ಚುವ ರೀತಿ. ರಜೆ ಬರಲಿ, ಒಬ್ಬೊಬ್ಬರನ್ನೂ ಮಾಡ್ತೀನಿ ಎಂದು ಹಲ್ಲು ಕಚ್ಚಿ ಬರೆದಳು.

ಕೊನೆಯ ಪೇಪರ್ ಮುಗಿದ ಮರುದಿನವೇ ಆಶ್ರಮಕ್ಕೆ ಬಂದಳು. ಇನ್ನು ಪಾಠವಿಲ್ಲ, ಅಮ್ಮನ ಬೈಗುಳವಿಲ್ಲ. ಅಯ್ಯನವರೂ ಈ ಸಲ ಮೂರು ಗೊಂಬೆ ಕೇಳಲಿಲ್ಲ. ನಿನಗೆ ಬೇಕಾದರೆ ಮಾಡು, ಬೇಡವಾದರೆ ಬಿಡು ಎಂದರು.

ಬಾಂಡ್ಲಿ ತುಂಬ ಹೊಸ ಮಣ್ಣು ತುಂಬಿಕೊಂಡು ಹೊಳೆಯ ದಡದಲ್ಲಿ ಕೂತಳು.

ಏನೂ ಬರಲಿಲ್ಲ.

ಆಯಾಸ ಇರಬೇಕು ಎಂದುಕೊಂಡು ಮಲಗಿದಳು. ಮರುದಿನ ಕೂತಳು. ಮೇಡಂ ಬರಲಿಲ್ಲ, ಪೆನ್ನು ಕಚ್ಚುವ ಹುಡುಗನೂ ಬರಲಿಲ್ಲ. ಮಣ್ಣು ಮಣ್ಣಾಗಿಯೇ ಇತ್ತು. ಹಿಡಿದರೆ ಉಂಡೆ, ಬಿಟ್ಟರೆ ಉಂಡೆ. ಅಂಗಳ ಗುಡಿಸೋಣವೆಂದರೆ ಅದಕ್ಕೂ ಮನಸ್ಸಿಲ್ಲ. ಉಗ್ರಾಣದಲ್ಲಿ ಕದಿಯಲು ಪುಸ್ತಕ ಕೂಡ ಇರಲಿಲ್ಲ. ವಾರವಿಡೀ ಹೀಗೇ ಕಳೆಯಿತು.

ಭೂಮಿಕಾಗೆ ಭಯ ಹತ್ತಿತು. ಫೇಲಾಗುವ ಭಯ ಅವಳಿಗೆ ಹೊಸದಲ್ಲ, ಅದನ್ನು ಮೂರು ವರ್ಷ ನೋಡಿದ್ದಳು. ಇದು ಬೇರೆ. ಯಾವುದಕ್ಕಾಗಿ ಅಮ್ಮನನ್ನು ಅಳಿಸಿದ್ದಳೋ, ಯಾವುದನ್ನು ತನ್ನ ಜೀವ ಎಂದು ನಂಬಿದ್ದಳೋ, ಅದು ತನ್ನೊಳಗೆ ಎಂದೂ ಇರಲೇ ಇಲ್ಲವೇನೋ ಎನಿಸಿತು. ಅನ್ನ ಸೇರಲಿಲ್ಲ. ಕೆಂಪಮ್ಮ ದೃಷ್ಟಿ ತೆಗೆದಳು, ಅದರಿಂದಲೂ ಏನೂ ಆಗಲಿಲ್ಲ.

ಒಂದು ಬೆಳಿಗ್ಗೆ ಬಾಂಡ್ಲಿ ಎತ್ತಿಕೊಂಡು ನೀರಿಗಿಳಿದಳು. ಅಯ್ಯನವರು ಕಲ್ಲಿನ ಮೇಲೆ ಕೂತು ಪಂಚೆ ಹಿಂಡುತ್ತಿದ್ದರು. ಏನು ಮಾಡ್ತಿದ್ದೀಯ ಎಂದು ಕೇಳಿದರು.

"ಮಣ್ಣನ್ನ ಹೊಳೆಗೆ ಸುರಿದು ಊರಿಗೆ ಹೋಗ್ತೀನಿ. ಇನ್ನು ಮುಟ್ಟಲ್ಲ."

"ಯಾಕೆ?"

ಅವಳು ಬಾಂಡ್ಲಿಯನ್ನು ಸೊಂಟಕ್ಕೆ ಆನಿಸಿಕೊಂಡಳು.

"ಈಗ ಯಾರೂ ಬೇಡ ಅನ್ನಲ್ಲ ಅಯ್ಯ. ಪರೀಕ್ಷೆ ಇಲ್ಲ, ಗಡುವಿಲ್ಲ, ದಿನವಿಡೀ ನನ್ನದೇ. ಆದರೂ ಕೈ ಏಳ್ತಾ ಇಲ್ಲ. ನಾನು ಮಾಡಿದ ಒಂದೊಂದು ಗೊಂಬೇನೂ ಓದೋದು ತಪ್ಪಿಸಿಕೊಳ್ಳೋಕೆ ಮಾಡಿದ್ದು. ಓದಿದ್ದು ಗೊಂಬೆ ತಪ್ಪಿಸಿಕೊಳ್ಳೋಕೆ. ನಾನು ಪ್ರೀತಿ ಅಂದ್ಕೊಂಡಿದ್ದು ಬರೀ ಓಡಿಹೋಗೋ ಸುಖ. ಒಳಗೆ ಏನೂ ಇಲ್ಲ."

ಹಾಗೆಲ್ಲ ಅನ್ನಬಾರದು ಎಂದು ಅವರು ಹೇಳುತ್ತಾರೆಂದು ಅವಳು ಕಾದಳು. ಕಂಡಕ್ಟರ್ ಗೊಂಬೆ ನೋಡಿ ನಕ್ಕವರಲ್ಲವೇ, ಒಂದು ಸಮಾಧಾನದ ಮಾತಾದರೂ ಆಡಬಹುದಿತ್ತು.

ಅಯ್ಯನವರು ತಲೆಯಾಡಿಸಿದರು. ಹೌದು ಎಂಬಂತೆ.

ಭೂಮಿಕಾಗೆ ನೀರು ಮೊಣಕಾಲಿನವರೆಗೆ ಇತ್ತು. ಸುರಿಯಬೇಕೆಂದು ಬಂದವಳಿಗೆ ಬಾಂಡ್ಲಿ ಬಗ್ಗಿಸಲೂ ಆಗಲಿಲ್ಲ, ಹಿಂತಿರುಗಲೂ ಆಗಲಿಲ್ಲ.

ಅಯ್ಯನವರು ಪಂಚೆಯನ್ನು ಹೆಗಲಿಗೆ ಹಾಕಿಕೊಂಡು ನೀರಿಗಿಳಿದು ಅವಳ ಹತ್ತಿರ ಬಂದರು. ಬೊಗಸೆಯಲ್ಲಿ ನೀರೆತ್ತಿ ಬಾಂಡ್ಲಿಯಲ್ಲಿ ಬಿರುಕು ಬಿಟ್ಟಿದ್ದ ಮಣ್ಣಿನ ಮೇಲೆ ಚಿಮುಕಿಸಿದರು. ಇನ್ನೊಂದು ಬೊಗಸೆ ಚಿಮುಕಿಸಿದರು.

"ಸರಿಯಾಗಿ ನೋಡಿದ್ದೀಯ," ಎಂದರು. "ಓಡಿಹೋಗೋಕೆ ಇನ್ನೇನೂ ಉಳಿದಿಲ್ಲ. ಈಗ ಶುರು ಮಾಡು."