ಕೊಂಡಿ ಹಾಕಿದ ಎಳೆ

ಎಣ್ಣೆ ಗಾಣದ ಬಸವಂತಪ್ಪ ಒಂದು ದಿನ ಗುರುಗಳನ್ನು ಕೇಳಿದ, "ಗುರುಗಳೇ, ಪ್ರೀತಿ ಇರುವ ಮನೆಯಲ್ಲಿ ಉಯಿಲು ಬರೆಯಬೇಕೆ?"

"ಯಾರ ಮನೆಯಪ್ಪ?"

"ನನ್ನದೇ. ಮೊದಲ ಹೆಂಡತಿಯ ಮಕ್ಕಳು ಇಬ್ಬರು, ಚನ್ನವೀರ ಮತ್ತು ಈಶ್ವರ. ಅವಳು ಹೋದ ಮೇಲೆ ಇನ್ನೊಂದು ಮದುವೆಯಾದೆ, ತಮಗೆ ಗೊತ್ತೇ ಇದೆ. ಇವಳ ಜೊತೆ ಇವಳ ಮೊದಲ ಗಂಡನ ಮಗಳೊಬ್ಬಳು ಬಂದಳು. ಆ ಹುಡುಗಿಯನ್ನು ಹೆಗಲ ಮೇಲೆ ಹೊತ್ತು ಬೆಳೆಸಿದ್ದೇನೆ. ಒಂದು ದಿನವೂ ಭೇದ ಮಾಡಿದವನಲ್ಲ. ಈಗ ವಕೀಲರು, ಅವಳ ಪಾಲು ಬರೆದಿಡಿ, ಇಲ್ಲದಿದ್ದರೆ ಅವಳಿಗೆ ಏನೂ ಸಿಗುವುದಿಲ್ಲ ಅನ್ನುತ್ತಾರೆ. ಬರೆದರೆ ನಾನೇ ಅವಳನ್ನು ಬೇರೆ ಮಾಡಿದಂತೆ ಆಗುವುದಿಲ್ಲವೆ?"

"ನಿನ್ನ ಹೆಂಡತಿ ಏನಂದಳು?"

"ಅವಳು ಏನೂ ಅನ್ನಲಿಲ್ಲ."

"ಅಷ್ಟೊಂದು ಅಂದಳೇ!" ಎಂದು ಗುರುಗಳು ನಕ್ಕರು. ಆಮೇಲೆ ಈ ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ನೇಕಾರನಿದ್ದ. ಆ ಕಡೆ ನೇಯುವ ಸೀರೆ ನೀನು ನೋಡಿದ್ದೀಯ. ಒಡಲಿನ ಹಾಸು, ಅಂದರೆ ಉದ್ದದ ನೂಲು, ಹತ್ತಿಯದು, ಸೆರಗಿನ ಹಾಸು ರೇಷ್ಮೆಯದು. ಎರಡು ಬೇರೆ ಬೇರೆ ನೂಲು, ಒಂದೇ ಸೀರೆ. ಅದು ಹೇಗೆ ಅನ್ನುತ್ತೀಯಾ? ಗಂಟು ಹಾಕುವುದಿಲ್ಲ. ಒಂದು ಎಳೆಯ ತುದಿಯನ್ನು ಮಡಿಸಿ, ಇನ್ನೊಂದು ಎಳೆಯ ಮಡಿಕೆಯೊಳಗೆ ತೂರಿಸಿ, ಹೀಗೆ ಸಾವಿರಾರು ಎಳೆ ಸೇರಿಸುತ್ತಾರೆ. ಅದಕ್ಕೆ ಕೊಂಡಿ ಅನ್ನುತ್ತಾರೆ. ಎರಡೂ ಕಡೆ ಬಿಗಿ ಇರುವವರೆಗೆ ಕೊಂಡಿ ನಿಲ್ಲುತ್ತದೆ. ಅಡ್ಡ ನೂಲು ಹಾಯಿಸಿ ನೇಯ್ದ ಮೇಲಂತೂ ಯಾರು ಎಳೆದರೂ ಬಿಡುವುದಿಲ್ಲ.

ನೇಕಾರನ ಹೆಂಡತಿ ತೀರಿಕೊಂಡಳು. ಒಬ್ಬ ಮಗನಿದ್ದ. ಕೆಲವು ವರ್ಷದ ಮೇಲೆ ಅವನು, ಗಂಡ ಸತ್ತ ಒಬ್ಬಾಕೆಯನ್ನು ಉಡಿಕೆ ಮಾಡಿಕೊಂಡ. ಹೊಸ ಸೀರೆ ಉಡಿಸಿ ಮನೆ ತುಂಬಿಸಿಕೊಳ್ಳುವುದು, ಅಷ್ಟೇ ಅದರ ಶಾಸ್ತ್ರ. ಆ ಸೀರೆಯನ್ನು ಅವನೇ ನೇಯ್ದಿದ್ದ. ಆಕೆಯ ಬೆರಳು ಹಿಡಿದುಕೊಂಡು ನಾಲ್ಕು ವರ್ಷದ ಮಗಳೂ ಬಂದಳು. ನೇಕಾರ ಉಳಿದ ನೂಲಿನಲ್ಲಿ ಒಂದು ಗೇಣುದ್ದದ ಸೆರಗು ನೇಯ್ದು ಅವಳ ಹೆಗಲಿಗೆ ಹೊದಿಸಿದ.

ಹುಡುಗಿಯ ಬೆರಳು ಸಣ್ಣವು. ಕೊಂಡಿ ಹಾಕುವ ಕೆಲಸಕ್ಕೆ ಹೇಳಿ ಮಾಡಿಸಿದಂಥವು. ಹತ್ತು ವರ್ಷ ತುಂಬುವ ಹೊತ್ತಿಗೆ ಅಪ್ಪನಿಗಿಂತ ಚೆನ್ನಾಗಿ ಹಾಕುತ್ತಿದ್ದಳು. ಹಾಸಿನ ಒಂದು ತುದಿ ಅವನು ಹಿಡಿಯುವುದು, ಇನ್ನೊಂದು ತುದಿ ಅವಳು.

"ಅಪ್ಪಾ, ಬಿಗಿ ಹಿಡಿ. ನಿದ್ದೆ ಬಂತೇನು?"

"ಇಷ್ಟು ಬೈಯುವುದನ್ನು ಯಾರ ಹತ್ತಿರ ಕಲಿತೆಯೇ?"

"ನಿನ್ನ ಹತ್ತಿರವೇ."

ಊರಿನ ಮಾಸ್ತರು ಒಮ್ಮೆ ಬಂದು, "ಒಂದು ಕಾಗದ ಬರೆದಿಡಪ್ಪ, ಈ ಹುಡುಗಿಗೆ ನಾಳೆ ಆಧಾರ ಬೇಕು" ಎಂದರು. ನೇಕಾರನಿಗೆ ಸಿಟ್ಟು ಬಂತು. "ಕೊಂಡಿಗೆ ಯಾರಾದರೂ ಗಂಟು ಹಾಕುತ್ತಾರೆಯೇ ಮಾಸ್ತರೇ? ಗಂಟು ಕಂಡರೆ ಸೀರೆ ಕೆಟ್ಟಿತು ಅಂತ ಅರ್ಥ. ಕಾಗದದಲ್ಲಿ ಇವಳ ಹೆಸರು ಬರೆದರೆ, ಇವಳು ನನ್ನ ಮಗಳಲ್ಲ ಅಂತ ನಾನೇ ಊರಿಗೆ ಸಾರಿದಂತೆ" ಎಂದ. ಮಗ್ಗದ ಆಚೆ ಕೂತಿದ್ದ ಹುಡುಗಿ ಅದನ್ನು ಕೇಳಿಸಿಕೊಂಡಳು. ಅಂದು ಎರಡು ರೊಟ್ಟಿ ಹೆಚ್ಚು ತಿಂದಳು.

ಹೀಗೇ ಎಂಟು ವರ್ಷ ಕಳೆಯಿತು. ಒಂದು ದಿನ ಒಂದು ಸೀರೆಗೆ ಕೊಂಡಿ ಹಾಕಿ ಮುಗಿದಿತ್ತು. ಸೆರಗು ನೇಯುವುದು ಬಾಕಿ ಇತ್ತು. ಊಟಕ್ಕೆಂದು ಎದ್ದ ನೇಕಾರ ಮತ್ತೆ ಮಗ್ಗದ ಕುಣಿಗೆ ಇಳಿಯಲಿಲ್ಲ.

ದಿನಕರ್ಮ ಮುಗಿದ ಮೇಲೆ ಹಿರಿಯರು ಕೂತರು. "ಕಾಗದ ಇದೆಯೇ?" ಎಂದರು. ಇರಲಿಲ್ಲ. ಹಾಗಾದರೆ ಹೆಂಡತಿಗೆ ಒಂದು ಪಾಲು, ಮಗನಿಗೆ ಒಂದು ಪಾಲು ಎಂದರು. "ಹುಡುಗಿ?" ಎಂದು ತಾಯಿ ಕೇಳಿದಳು. ಹಿರಿಯರು ಮಗನ ಮುಖ ನೋಡಿದರು.

ಮಗ ಕೆಟ್ಟವನಲ್ಲ. "ಇರಲಿ ಬಿಡ್ರಿ. ನಾನೇನು ಹೊರಗೆ ಹಾಕುತ್ತೇನೆಯೇ?" ಎಂದ.

ಅಂದಿನವರೆಗೆ ಆ ಮನೆಯಲ್ಲಿ ಅವಳ ವಿಷಯಕ್ಕೆ ಯಾರೂ 'ಇರಲಿ' ಅಂದಿರಲಿಲ್ಲ.

ಹುಡುಗಿ ಹೇಳಿದಳು, "ಅಣ್ಣಾ, ಮಗ್ಗ ನಿನ್ನದೇ, ಮನೆ ನಿನ್ನದೇ. ಅಪ್ಪ ಎಲ್ಲಾದರೂ ನನ್ನ ಹೆಸರು ಬರೆದಿದ್ದಾನೇನೋ, ಒಂದು ಸಲ ನೋಡೋಣ."

ಇಬ್ಬರೂ ಹುಡುಕಿದರು. ಟ್ರಂಕು ಇಳಿಸಿದರು. ದೇವರ ಜಗಲಿಯ ಹಿಂದೆ ನೋಡಿದರು. ಮಗನ ಜಾತಕ ಸಿಕ್ಕಿತು. ಮೊದಲ ಹೆಂಡತಿಯ ಕಾಲುಂಗುರ ಸಿಕ್ಕಿತು. ಬಣ್ಣದ ನೂಲಿನ ತುಣುಕುಗಳು ಸಿಕ್ಕಿದವು. ಅವಳ ಹೆಸರಿನ ಒಂದಕ್ಷರವೂ ಸಿಗಲಿಲ್ಲ. ಭೇದ ಕಾಣಬಾರದು ಅಂತ ಅವನು ಅಷ್ಟು ಎಚ್ಚರದಿಂದ ಇದ್ದ.

ಮಗ ಅರ್ಧಕ್ಕೆ ನಿಂತ ಸೀರೆಯ ಹಾಸನ್ನು ಸಡಿಲಿಸಿದ. ಅವಳು ಹಾಕಿದ ಕೊಂಡಿಗಳು ಅವಳ ಕಣ್ಣೆದುರಿಗೇ ಒಂದೊಂದಾಗಿ ಜಾರಿದವು. ಅವಳು ಮತ್ತೆ ಹಾಕಲು ಕೂತಳು. ಒಂದು ತುದಿ ಅವಳ ಕೈಯಲ್ಲಿತ್ತು. ಇನ್ನೊಂದು ತುದಿ ಹಿಡಿಯುವವನು ಇರಲಿಲ್ಲ.

ಆಮೇಲೆ ಅವಳಿಗೆ ಮದುವೆಯಾಯಿತು. ತಾಯಿ ಇರುವವರೆಗೆ ಪ್ರತಿ ನಾಗರ ಪಂಚಮಿಗೂ ಅಣ್ಣ ಬಂದು ತವರಿಗೆ ಕರೆದುಕೊಂಡು ಹೋದ. ತಾಯಿ ಸತ್ತ ವರ್ಷವೂ ಹೊರಟ. ತನ್ನೂರಿನ ಅಗಸೆ ಬಾಗಿಲ ತನಕ ಬಂದು ನಿಂತ. ಕರೆಯಲೇಬೇಕು ಅಂತ ಏನಿದೆ ಎಂದುಕೊಂಡ. ತಿರುಗಿ ಹೋದ. ಆ ವರ್ಷ ಅವಳು ಉಂಡೆ ಕಟ್ಟಿ, ತಲೆ ಬಾಚಿಕೊಂಡು, ಬಾಗಿಲಲ್ಲಿ ಕೂತಿದ್ದಳು.

ಈಗ ಅವಳಿಗೂ ತಲೆ ಬೆಳ್ಳಗಾಗಿದೆ. ಪಂಚಮಿ ಬಂತೆಂದರೆ ಆ ಗೇಣುದ್ದದ ಸೆರಗನ್ನು ತೆಗೆಯುತ್ತಾಳೆ. ಅಂಚಿನಿಂದ ಅಂಚಿಗೆ ನೋಡುತ್ತಾಳೆ. ತಿರುವಿ ಹಾಕಿ ಮತ್ತೆ ನೋಡುತ್ತಾಳೆ. ನೇಕಾರರು ಸೀರೆಯಲ್ಲಿ ಹೆಸರು ನೇಯುವುದಿಲ್ಲ ಅನ್ನುವುದು ಅವಳಿಗೆ ಗೊತ್ತು. ಆದರೂ ನೋಡುತ್ತಾಳೆ.

ಗುರುಗಳು ಕತೆ ನಿಲ್ಲಿಸಿದರು. ಬಸವಂತಪ್ಪ ಕಣ್ಣು ಒರೆಸಿಕೊಂಡ.

"ಆ ನೇಕಾರನ ಪ್ರೀತಿ ಸುಳ್ಳೇ, ಗುರುಗಳೇ?"

"ಸುಳ್ಳು ಯಾಕಾಗುತ್ತದೆ? ನೇಯುವುದು ಬಾಕಿ ಇತ್ತು, ಅಷ್ಟೇ."

"ನಾಳೆಯೇ ವಕೀಲರ ಹತ್ತಿರ ಹೋಗುತ್ತೇನೆ. ಚನ್ನವೀರನಿಗೆ ಇಷ್ಟು, ಈಶ್ವರನಿಗೆ ಇಷ್ಟು, ಆ ಹುಡುಗಿಗೂ ಅಷ್ಟೇ. ಬರೆಸಿಯೇ ಬಿಡುತ್ತೇನೆ" ಎಂದು ಬಸವಂತಪ್ಪ ಎದ್ದ. ನಮಸ್ಕಾರ ಮಾಡಿ ಬಾಗಿಲವರೆಗೆ ಹೋದ.

ಗುರುಗಳು ಹಿಂದಿನಿಂದ ಮೆಲ್ಲಗೆ ಕೇಳಿದರು, "ಚನ್ನವೀರ ಅಂದೆ, ಈಶ್ವರ ಅಂದೆ, ಮಗಳ ಹೆಸರು ಏನು ಅಂದೆಯಪ್ಪ?"