ನವಿಲುಮೀನಿಗೆ ಹೆಣ್ಣು ಹುಡುಕಿದ್ದು

"ಬುದ್ಧಿ, ಹತ್ತು ವರ್ಷ ಒಟ್ಟಿಗೆ ಉಂಡು ಒಟ್ಟಿಗೆ ಮಲಗಿದವನನ್ನು ನಾನು ತಪ್ಪಾಗಿ ತಿಳಿದಿರಲು ಸಾಧ್ಯವೇ?"

ಹೀಗೆ ಕೇಳಿದವನು ಮಠದ ಹಿರಿಯ ಶಿಷ್ಯ ಅಡವಯ್ಯ. ಮಳೆಗಾಲವೆಲ್ಲ ಊರೂರು ಸಂಚಾರದಲ್ಲಿದ್ದು ಹಿಂದಿನ ದಿನವಷ್ಟೇ ಮರಳಿದ್ದ. ದಣಿದಿದ್ದರಿಂದ ಊಟವನ್ನೂ ತನ್ನ ಕೋಣೆಗೇ ತರಿಸಿಕೊಂಡಿದ್ದ. ದಾಸೋಹದ ಮನೆಯನ್ನು ನೋಡಿಕೊಳ್ಳುತ್ತಿದ್ದ ವೃದ್ಧರು ಅವನು ಸಂಚಾರದಲ್ಲಿದ್ದಾಗ ತೀರಿಕೊಂಡಿದ್ದರು. ಬಂದವರಿಗೆಲ್ಲ ಅನ್ನವಿಕ್ಕುವ ಆ ಹೊಣೆಯನ್ನು ಅವರ ಕೈಕೆಳಗಿದ್ದ ಬಸವಂತನಿಗೆ ಒಪ್ಪಿಸಬಹುದೇ ಎಂದು ಗುರುಗಳು ಅಡವಯ್ಯನನ್ನು ಕೇಳಿದ್ದರು.

ಅಡವಯ್ಯ ತಡಮಾಡದೆ ಬೇಡ ಎಂದಿದ್ದ. ಬಸವಂತ ಯಾರಾದರೂ ಮುಂದೆ ನಡೆದರೆ ಹಿಂದೆ ನಡೆಯುವವನು. ಯಾರಾದರೂ ಗದರಿದರೆ ಕೈಯಲ್ಲಿದ್ದ ಸೌಟು ಬೀಳಿಸುವವನು. ಬೇರೆ ಮಠದಿಂದ ಗಟ್ಟಿಗರೊಬ್ಬರನ್ನು ಕರೆಸಿ, ಅವನನ್ನು ಪಾತ್ರೆ ತೊಳೆಯುವ ಕೆಲಸಕ್ಕೇ ಬಿಡುವುದು ಒಳ್ಳೆಯದು ಎಂದಿದ್ದ. "ಖಚಿತವೇ?" ಎಂದು ಗುರುಗಳು ಕೇಳಿದಾಗ ಅವನಿಗೆ ಸ್ವಲ್ಪ ಬೇಸರವೇ ಆಯಿತು. ಆ ಬೇಸರದಲ್ಲೇ ಅವನು ಈ ಪ್ರಶ್ನೆ ಕೇಳಿದ್ದು.

ಗುರುಗಳು ನಕ್ಕರು. ಆಮೇಲೆ ಈ ಕತೆ ಹೇಳಿದರು.

ಕಡಲ ತೀರದ ಒಂದು ಪಟ್ಟಣದಲ್ಲಿ ಒಬ್ಬ ವರ್ತಕನಿದ್ದ. ದೋಣಿಗಳ ಒಡೆಯ. ಅವನಿಗೆ ಬಣ್ಣದ ಮೀನಿನ ಹುಚ್ಚು. ಮನೆಯ ಅಂಗಳದಲ್ಲಿ ಕಲ್ಲಿನ ಕೊಳ ಕಟ್ಟಿಸಿ, ಕಡಲಿನಿಂದ ಕೊಡಗಳಲ್ಲಿ ನೀರು ಹೊರಿಸಿ ತುಂಬಿಸಿದ್ದ. ಆ ಕೊಳವನ್ನು ನೋಡಿಕೊಳ್ಳಲು ಒಬ್ಬ ಹೆಂಗಸು ಇದ್ದಳು. ಹಿಂದೆ ಮುಂದೆ ಯಾರೂ ಇಲ್ಲದ ಅವಳಿಗೆ ಆ ಮನೆಯೇ ಆಸರೆ.

ಅದೇ ಪಟ್ಟಣದಲ್ಲಿ ಒಬ್ಬ ಪರೀಕ್ಷಕನಿದ್ದ. ಮೀನನ್ನು ನೋಡಿ ಅದರ ಜಾತಿ ಯಾವುದು, ಅದು ಗಂಡೋ ಹೆಣ್ಣೋ ಎಂದು ಹೇಳುವುದು ಅವನ ಕಸುಬು. ಅವನು ಹೇಳಿದ ಮೇಲೆ ಮುಗಿಯಿತು. ಆ ತೀರದಲ್ಲಿ ಯಾರೂ ಎರಡನೆಯವರನ್ನು ಕೇಳುತ್ತಿರಲಿಲ್ಲ. ಅವನ ಬದುಕೆಲ್ಲ ನಿಂತಿದ್ದದ್ದು ಆ ಒಂದು ಮಾತಿನ ಬೆಲೆಯ ಮೇಲೆ.

ಒಮ್ಮೆ ಬೆಸ್ತರು ಹವಳದ ಬಂಡೆಗಳ ನಡುವಿನಿಂದ ಕೆಲವು ಮೀನುಗಳನ್ನು ಹಿಡಿದು ತಂದರು. ಅವುಗಳಲ್ಲಿ ಒಂದು ಮಾತ್ರ ನೀಲಿ, ಕತ್ತಿನ ಸುತ್ತ ಹಸಿರು ಪಟ್ಟಿ. ಉಳಿದವೆಲ್ಲ ಅಪ್ಪಟ ಹಳದಿ. ಪರೀಕ್ಷಕ ಬಗ್ಗಿ ನೋಡಿದ. ಅಬ್ಬಾ, ಎಂಥ ಬಣ್ಣ ಎಂದು ಅವನ ಮನಸ್ಸು ಹಿಗ್ಗಿತು. ನೀಲಿಯದಕ್ಕೆ ನವಿಲುಮೀನು ಎಂದು ಹೆಸರಿಟ್ಟ, ಹಳದಿಯವಕ್ಕೆ ಅರಿಸಿನಮೀನು ಎಂದ. ಎರಡೂ ಬೇರೆ ಬೇರೆ ಜಾತಿ, ನವಿಲುಮೀನು ಗಂಡು, ಅದಕ್ಕೊಂದು ಹೆಣ್ಣನ್ನು ತರಿಸಿದರೆ ಸಂತಾನವಾದೀತು ಎಂದೂ ಹೇಳಿದ. ಹಳದಿಯವುಗಳಲ್ಲಿ ಎಲ್ಲಕ್ಕಿಂತ ದೊಡ್ಡದರ ಬಾಲವನ್ನು ಏಡಿ ಕಚ್ಚಿ, ಅಂಚು ಹರಿದಿತ್ತು. ಅದನ್ನೂ ಅವನ ಕಣ್ಣು ಗಮನಿಸಿತು. ಕಸುಬಿನವನ ಕಣ್ಣು, ಬೇಡವೆಂದರೂ ಬಿಡುವುದಿಲ್ಲ.

ಅಂದಿನಿಂದ ವರ್ತಕನ ದೋಣಿಗಳು ಎಲ್ಲಿಗೇ ಹೋಗಲಿ, ನವಿಲುಮೀನಿಗೆ ಹೆಣ್ಣು ಹುಡುಕುವುದು ನಾವಿಕರಿಗೆ ಒಂದು ಹೆಚ್ಚಿನ ಕೆಲಸವಾಯಿತು. ಮನೆಯಲ್ಲಿ ಬೆಳೆದ ಮಗನಿಗೂ ಯಾರೂ ಅಷ್ಟು ಕಡೆ ಹೆಣ್ಣು ನೋಡಿರಲಿಕ್ಕಿಲ್ಲ. ನೀಲಿ ಹೆಣ್ಣು ಎಲ್ಲಿಯೂ ಸಿಗಲಿಲ್ಲ. ಮದುಮಗ ಮಾತ್ರ ಹಳದಿ ಮೀನುಗಳ ನಡುವೆ ಠೀವಿಯಿಂದ ಓಡಾಡಿಕೊಂಡಿದ್ದ.

ಹೀಗೆ ಕೆಲವು ವರ್ಷ ಕಳೆದವು. ಒಂದು ಬೇಸಿಗೆಯ ಕೊನೆಯಲ್ಲಿ ನವಿಲುಮೀನು ಸತ್ತಿತು. ವರ್ತಕ ಊಟ ಬಿಟ್ಟು ಕೂತ. ಅಷ್ಟರಲ್ಲಿ ಮಳೆ ಹಿಡಿಯಿತು. ಸಿಹಿನೀರು ಬಿದ್ದರೆ ಉಪ್ಪುನೀರಿನ ಮೀನು ಬದುಕುವುದಿಲ್ಲ. ಹಾಗಾಗಿ ಮಳೆಗಾಲ ಮುಗಿಯುವವರೆಗೆ ಕೊಳಕ್ಕೆ ಹೆಣೆದ ತೆಂಗಿನ ಗರಿಗಳ ತಟ್ಟಿ ಹೊದಿಸುವುದು ಆ ಮನೆಯ ಪದ್ಧತಿ. ಆಗ ಮೀನುಗಳು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಹೆಂಗಸು ಮಾತ್ರ ಒಂದು ಮೂಲೆಯ ಸಂದಿಯಲ್ಲಿ ಕೈ ತೂರಿಸಿ ಮೇವು ಹಾಕುತ್ತಿದ್ದಳು.

ಮಳೆ ನಿಂತ ಮೇಲೆ ತಟ್ಟಿ ತೆಗೆದರು. ಕೊಳದಲ್ಲಿ ಒಂದು ನವಿಲುಮೀನು ಓಡಾಡುತ್ತಿತ್ತು. ಎಣಿಸಿ ನೋಡಿದರೆ ಹಳದಿಯದು ಒಂದು ಕಡಿಮೆ. ಇಲ್ಲದಿದ್ದದ್ದು ಎಲ್ಲಕ್ಕಿಂತ ದೊಡ್ಡದು, ವರ್ತಕ ನೆಂಟರಿಗೆಲ್ಲ ತೋರಿಸಿ ಬೀಗುತ್ತಿದ್ದದ್ದು.

ಆ ಮೀನುಗಳಿಗೆ ಮರಳಿನಲ್ಲಿ ಹೂತುಕೊಂಡು ಮಲಗುವ ರೂಢಿಯುಂಟು. ಆಳುಗಳು ಮರಳನ್ನೆಲ್ಲ ಜರಡಿ ಹಿಡಿದರು. ಹಳದಿ ಮೀನೂ ಇಲ್ಲ, ಅದರ ಮುಳ್ಳೂ ಇಲ್ಲ. ಮಳೆಗಾಲವೆಲ್ಲ ಕೊಳದೊಳಗೆ ಕೈ ಹೋಗುತ್ತಿದ್ದದ್ದು ಒಬ್ಬಳದೇ. ವರ್ತಕ ಅವಳನ್ನು ನಿಲ್ಲಿಸಿಕೊಂಡು ಕೇಳಿದ.

"ಹಳದಿ ಮೀನನ್ನು ಯಾರಿಗೆ ಕೊಟ್ಟೆ? ನನ್ನ ಬಾಯಿ ಮುಚ್ಚಿಸಲು ಈ ನೀಲಿಯದನ್ನು ಎಲ್ಲಿಂದ ತಂದು ಬಿಟ್ಟೆ?"

"ಅದು ಎಲ್ಲಿ ಹೋಯಿತೋ ನಂಗೆ ಗೊತ್ತಿಲ್ಲ ಧಣಿ. ಇದು ಎಲ್ಲಿಂದ ಬಂತೋ ಅದೂ ಗೊತ್ತಿಲ್ಲ. ನಾನು ಮೇವು ಹಾಕಿದ್ದು ಬಿಟ್ಟರೆ ಬೇರೆ ಏನೂ ಮಾಡಿದವಳಲ್ಲ."

ಇದು ಉತ್ತರವೇ ಎಂದು ವರ್ತಕ ಸಿಡಿದ. ಅವಳಿಗೆ ಕಳ್ಳಿ ಎಂಬ ಹೆಸರು ಹೊರಿಸಿ ಊರು ಬಿಡಿಸುವುದೆಂದು ತೀರ್ಮಾನಿಸಿದ. ಆದರೆ ನಾಲ್ಕು ಜನರ ಮುಂದೆ ಸಾಕ್ಷಿ ಬೇಕಲ್ಲ. ಪರೀಕ್ಷಕನಿಗೆ ಹೇಳಿ ಕಳುಹಿಸಿದ.

ಪರೀಕ್ಷಕ ದಾರಿಯುದ್ದಕ್ಕೂ ಇದೇನು ದೊಡ್ಡ ಕೆಲಸ ಎಂದುಕೊಂಡೇ ಬಂದ. ಅರಿಸಿನಮೀನು ಒಂದು ಜಾತಿ, ನವಿಲುಮೀನು ಇನ್ನೊಂದು ಜಾತಿ. ಒಂದು ಹೋಗಿ ಇನ್ನೊಂದು ಬಂದಿದ್ದರೆ ಬದಲಾಯಿಸಿದ ಕೈ ಇರಲೇಬೇಕು. ಹಾಗೆಂದು ಒಂದು ಮಾತು ಹೇಳಿ ಎದ್ದುಹೋದರಾಯಿತು. ಆದರೂ ರೂಢಿಯಂತೆ ಕೊಳದ ಕಟ್ಟೆಯ ಮೇಲೆ ಬಗ್ಗಿ ನೋಡಿದ.

ನೀಲಿ ಮೀನು ತಿರುಗಿತು. ಅದರ ಬಾಲದ ಅಂಚು ಹರಿದಿತ್ತು.

ಅವನು ಇನ್ನಷ್ಟು ಬಗ್ಗಿದ. ಏಡಿ ಕಚ್ಚಿದ ಅದೇ ಗುರುತು, ಅದೇ ಜಾಗದಲ್ಲಿ. ಅದನ್ನು ಗಮನಿಸಿದ್ದವನು ಆ ಊರಿನಲ್ಲಿ ಅವನೊಬ್ಬನೇ. ಅವನು ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಬಾಯಿ ಬಿಟ್ಟರೆ ತಾನು ಹೇಳಿದ್ದ ಎರಡು ಜಾತಿ ಹೋಗುತ್ತದೆ, ವರ್ಷಗಟ್ಟಲೆ ಹೆಣ್ಣು ಹುಡುಕಿಸಿದ ನಗೆಪಾಟಲು ಉಳಿಯುತ್ತದೆ. ಒಂದು ಕಡೆ ಅವನ ಹೆಸರು, ಇನ್ನೊಂದು ಕಡೆ ಆ ಹೆಂಗಸಿನ ಆಸರೆ. ಅವಳು ದೂರದಲ್ಲಿ ಸೆರಗು ಹಿಡಿದು ನಿಂತಿದ್ದಳು.

ಅವನು ವರ್ತಕನ ಕಡೆ ತಿರುಗಿ ಹೇಳಿದ: "ಈ ನೀಲಿಯದನ್ನು ಬೇರೆ ತೊಟ್ಟಿಗೆ ಬಿಡಿಸಿ. ಕೊಳಕ್ಕೆ ತಟ್ಟಿ ಹೊದಿಸಬೇಡಿ. ಯಾರೂ ಕೈ ಹಾಕದ ಹಾಗೆ ನಿಮ್ಮ ಆಳುಗಳನ್ನೇ ಕಾವಲಿಗೆ ನಿಲ್ಲಿಸಿ. ನಾನು ಇಲ್ಲೇ ಕೂತು ನೋಡುತ್ತೇನೆ."

ವರ್ತಕ ಗೊಣಗುತ್ತಲೇ ಒಪ್ಪಿದ. ಪರೀಕ್ಷಕ ಕಟ್ಟೆಯ ಮೇಲೆ ಕೂತ. ಬೆಳಗಾದರೆ ಬರುತ್ತಿದ್ದ, ಕತ್ತಲಾದರೆ ಹೋಗುತ್ತಿದ್ದ. ಇದ್ದ ಹಳದಿ ಮೀನುಗಳಲ್ಲಿ ದೊಡ್ಡದೊಂದು ಮೊದಲು ಉಳಿದವನ್ನು ಸುತ್ತುವರಿದು ನಡೆಸತೊಡಗಿತು. ಅಲ್ಲಿಯವರೆಗೆ ಅದು ಎಂದೂ ಹಾಗೆ ಮಾಡಿರಲಿಲ್ಲ. ಕೆಲವು ದಿನಗಳಲ್ಲಿ ಅದರ ಕೆನ್ನೆಯ ಮೇಲೆ ಒಂದಿಷ್ಟು ನೀಲಿ ಮೂಡಿತು. ಬಟ್ಟೆಗೆ ಬಣ್ಣ ಏರುವ ಹಾಗೆ ಅದು ನಿಧಾನವಾಗಿ ಮೈಗೆಲ್ಲ ಏರಿತು. ಕತ್ತಿನ ಸುತ್ತ ಹಸಿರು ಪಟ್ಟಿ ಬಂತು. ಪರೀಕ್ಷಕ ತನ್ನ ಸೋಲನ್ನು ಮರೆತ, ಊಟವನ್ನೂ ಮರೆತ. ಇಂಥದ್ದೊಂದನ್ನು ಕಾಣಲು ಬದುಕಿದ್ದೆನಲ್ಲ ಎಂದು ಅವನ ಕಣ್ಣು ತುಂಬಿ ಬಂತು.

ಅವನು ವರ್ತಕನನ್ನೂ ಊರ ಹಿರಿಯರನ್ನೂ ಕೊಳದ ಬಳಿಗೆ ಕರೆದ. ಎಲ್ಲರ ಎದುರಿಗೆ ಹೇಳಿದ.

"ಇವಳು ಕದ್ದಿಲ್ಲ. ನಾನು ಎರಡು ಜಾತಿ ಎಂದಿದ್ದೆ, ಇರುವುದು ಒಂದೇ. ಹಳದಿಯವು ಹೆಣ್ಣು, ನೀಲಿಯದು ಗಂಡು. ಗಂಡು ಹೋದರೆ ಹೆಣ್ಣುಗಳಲ್ಲಿ ದೊಡ್ಡದು ತಾನೇ ಗಂಡಾಗಿ ಆ ಜಾಗದಲ್ಲಿ ನಿಲ್ಲುತ್ತದೆ. ನಿಮ್ಮ ದೋಣಿಗಳು ಕಡಲೆಲ್ಲ ಹುಡುಕಿದ ಹೆಣ್ಣುಗಳು ಈ ಅಂಗಳದಲ್ಲೇ ಇದ್ದವು."

ಹಿರಿಯರು ಮೊದಲು ಬೆರಗಾದರು. ಆಮೇಲೆ ಹೊಟ್ಟೆ ಹಿಡಿದು ನಕ್ಕರು. ವರ್ತಕ ಮಾತ್ರ ನಗಲಿಲ್ಲ.

"ಹಾಗಾದರೆ ಇಷ್ಟು ವರ್ಷ ನೀವು ಹೇಳಿದ್ದೆಲ್ಲ ಸುಳ್ಳೇ?"

"ನೋಡಿದ್ದು ಸುಳ್ಳಲ್ಲ. ಇನ್ನು ನೋಡುವುದೇನೂ ಉಳಿದಿಲ್ಲ ಎಂದುಕೊಂಡೆನಲ್ಲ, ಅದು ಸುಳ್ಳು."

ವರ್ತಕನ ಕೋಪ ಇಳಿಯಿತು. ಅವನು ಆ ಹೆಂಗಸಿನ ಹತ್ತಿರ ಹೋಗಿ, ತಪ್ಪಾಯಿತು ತಾಯಿ, ಎಂದು ಕೈಮುಗಿದ. ಅವಳು ಮೇವಿನ ಬುಟ್ಟಿ ಎತ್ತಿಕೊಂಡು ಕೊಳದ ಕಡೆ ನಡೆದಳು. ಮೇವಿನ ಹೊತ್ತು ಮೀರಿತ್ತು.

ಪರೀಕ್ಷಕನ ಕಸುಬು ಹೋಗಲಿಲ್ಲ. ಆದರೆ ಆಮೇಲೆ ಯಾರೇ ಮೀನು ತೋರಿಸಿ ಕೇಳಿದರೂ ಅವನು ಕೂತು, ತುಂಬ ಹೊತ್ತು ನೋಡಿ, "ಇಂದಿಗೆ ಇದು ಹೆಣ್ಣು" ಎನ್ನುತ್ತಿದ್ದ. ಜನ ಅವನ ಮಾತನ್ನು ಮೊದಲಿಗಿಂತ ಹೆಚ್ಚು ನಂಬಿದರು.

ಕತೆ ಮುಗಿಯಿತು. ಅಡವಯ್ಯನ ಮುಖ ಅರಳಿತ್ತು. "ಎಂಥ ಮೀನು ಬುದ್ಧಿ! ಆ ಪರೀಕ್ಷಕನೂ ದೊಡ್ಡವನು. ನೋಡಿದ್ದನ್ನೇ ಮತ್ತೆ ಕೂತು ನೋಡಲು ಎಷ್ಟು ಜನಕ್ಕೆ ಮನಸ್ಸು ಬಂದೀತು?" ಎಂದ.

ಹೊರಗೆ ದಾಸೋಹದ ಗಂಟೆ ಬಾರಿಸಿತು. ಗುರುಗಳು ಎದ್ದು ಶಾಲು ಹೊದ್ದುಕೊಳ್ಳುತ್ತ ಕೇಳಿದರು:

"ಸಂಚಾರದಿಂದ ಬಂದ ಮೇಲೆ ನೀನು ದಾಸೋಹದ ಮನೆಯೊಳಗೆ ಒಮ್ಮೆಯಾದರೂ ಇಣುಕಿ ನೋಡಿದೆಯಾ, ಅಡವಯ್ಯಾ?"

ಅಡವಯ್ಯ ಎದ್ದು ದಾಸೋಹದ ಮನೆಯ ಕಡೆ ನಡೆದ.